ಹಾಜರಿ ಬಿದ್ದರೆ ಕೆಲಸ ಆದಂತೆಯೇ?

ಕೋವಿಡ್ ಇಳಿದ ಮೇಲೆ ಕಂಪನಿಗಳು ಒಂದೊಂದಾಗಿ ನೌಕರರನ್ನು ಆಫೀಸಿಗೆ ವಾಪಸ್ ಕರೆದವು. ಕೆಲವೆಡೆ ವಾರಕ್ಕೆ ಮೂರು ದಿನ, ಕೆಲವೆಡೆ ಐದೂ ದಿನ. ಇನ್ಫೋಸಿಸ್ 2025ರ ಮಾರ್ಚ್‌ನಿಂದ ಒಂದು ಹಂತದವರೆಗಿನ ನೌಕರರಿಗೆ ತಿಂಗಳಿಗೆ ಕನಿಷ್ಠ ಹತ್ತು ದಿನ ಎಂದು ಗೊತ್ತುಮಾಡಿತು. ಗೇಟಿನಲ್ಲಿ ಕಾರ್ಡ್ ತೋರಿಸಿದ ಕ್ಷಣವೇ ಲೆಕ್ಕ ಶುರು. ಇಂಥ ಆದೇಶಗಳ ಹಿಂದಿರುವ ನಂಬಿಕೆ ಕಂಪ್ಯೂಟರಿಗಿಂತ ಬಹಳ ಹಳೆಯದು: ಕಣ್ಣೆದುರು ಕೂತವರು ದುಡಿಯುತ್ತಾರೆ, ಕಣ್ಮರೆಯಾದವರು ಕಾಲ ತಳ್ಳುತ್ತಾರೆ. ಪರೀಕ್ಷೆಗೆ ಒಡ್ಡಿ ನೋಡಿದರೆ ಇದು ಅರ್ಧಂಬರ್ಧ ನಿಜ. ಆಳು ಅಲ್ಲಿರುವುದೇ ಸೇವೆಯಾಗಿರುವ ಕಡೆ ಹಾಜರಿ ಬಿಗಿಯಾದರೆ ಕೆಲಸವೂ ಸುಧಾರಿಸುತ್ತದೆ. ಉಳಿದ ಕಡೆ ಹಾಜರಿಯನ್ನು ಎಣಿಸುತ್ತಿರುವುದಕ್ಕೆ ಮುಖ್ಯ ಕಾರಣ, ಅದನ್ನು ಎಣಿಸುವುದು ಸುಲಭ ಎಂಬುದು.

ಮನೆಯಲ್ಲಿದ್ದರೆ ಕೆಲಸ ಕುಸಿಯುತ್ತದೆ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರವಾಸ ಕಂಪನಿ ಸಿಟ್ರಿಪ್‌ನಲ್ಲಿ ಒಂಬತ್ತು ತಿಂಗಳ ಪ್ರಯೋಗ ನಡೆಸಿದರು. ಕಾಲ್ ಸೆಂಟರ್‌ನ ಸ್ವಯಂಪ್ರೇರಿತ ನೌಕರರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಮನೆಗೆ ಕಳಿಸಿದರು, ಉಳಿದವರನ್ನು ಆಫೀಸಿನಲ್ಲೇ ಉಳಿಸಿಕೊಂಡರು. ಮನೆಯಲ್ಲಿದ್ದವರ ಕೆಲಸ ಶೇ 13ರಷ್ಟು ಹೆಚ್ಚಿತು, ಬಿಟ್ಟುಹೋಗುವವರ ಸಂಖ್ಯೆ ಅರ್ಧಕ್ಕಿಳಿಯಿತು. ಅದೇ ಕಂಪನಿಯಲ್ಲಿ 2021–22ರಲ್ಲಿ, ಈ ಸಲ ಎಂಜಿನಿಯರುಗಳೂ ಸೇರಿದಂತೆ 1,612 ಮಂದಿಯ ಮೇಲೆ, ವಾರಕ್ಕೆ ಎರಡು ದಿನ ಮನೆ ಎಂಬ ಪ್ರಯೋಗ ನಡೆಯಿತು. ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವರ್ಷ ಕಳೆದರೂ ಕೆಲಸದ ಮೌಲ್ಯಮಾಪನದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ರಾಜೀನಾಮೆ ಮಾತ್ರ ಮೂರನೇ ಒಂದರಷ್ಟು ತಗ್ಗಿತು. ಇದರಲ್ಲಿ ಹೆಚ್ಚು ಸ್ವಾರಸ್ಯವಿರುವುದು ಮ್ಯಾನೇಜರುಗಳ ಉತ್ತರದಲ್ಲಿ. ಉತ್ಪಾದಕತೆ ಶೇ 2.6ರಷ್ಟು ಬೀಳುತ್ತದೆ ಎಂದು ಪ್ರಯೋಗಕ್ಕೆ ಮುಂಚೆ ಸರಾಸರಿ ಅಂದಾಜು ಹಾಕಿದ್ದ ಅವರೇ, ಮುಗಿದ ಮೇಲೆ ಶೇ 1ರಷ್ಟು ಏರಿದೆ ಎಂದರು.

ಚೀನಾದ ಲೆಕ್ಕ ನಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳುವವರ ಕೈಯಲ್ಲಿ ಗಟ್ಟಿ ಪುರಾವೆಯೇ ಇದೆ. ಚೆನ್ನೈನಲ್ಲಿ ಡೇಟಾ ಎಂಟ್ರಿ ನೌಕರರ ಮೇಲೆ ನಡೆದ ಇಂಥದ್ದೇ ಪ್ರಯೋಗದಲ್ಲಿ ಮನೆಯಲ್ಲಿದ್ದವರ ಕೆಲಸ ಶೇ 18ರಷ್ಟು ಕಡಿಮೆಯಾಗಿತ್ತು. ಆ ಹಿನ್ನಡೆಯ ಹೆಚ್ಚಿನ ಪಾಲು ಮೊದಲ ದಿನವೇ ಕಾಣಿಸಿಕೊಂಡಿತು. ಉಳಿದದ್ದು, ಆಫೀಸಿನಲ್ಲಿದ್ದವರು ಬೇಗ ಪಳಗಿದ್ದರಿಂದ. ಇದನ್ನು ತಳ್ಳಿಹಾಕುವ ಹಾಗಿಲ್ಲ. ಸಿಟ್ರಿಪ್ ತನ್ನ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಮನೆಯಲ್ಲಿ ಪ್ರತ್ಯೇಕ ಕೋಣೆ ಇದ್ದವರನ್ನು ಮಾತ್ರ. ನಮ್ಮ ಎರಡು ಕೋಣೆಯ ಮನೆಗಳಲ್ಲಿ ಅಷ್ಟು ಅನುಕೂಲ ಎಷ್ಟು ಜನಕ್ಕಿದೆ? ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಅನುಭವಿಗಳ ಪಕ್ಕ ಕೂತು ಕಲಿಯುತ್ತಾರೆಂಬುದೂ ನಿಜ. ಆದರೆ ಈ ಎರಡೂ ಅಂಶಗಳು ಹೇಳುವುದು ಯಾರು, ಯಾವ ಕೆಲಸಕ್ಕೆ, ಯಾರ ಹತ್ತಿರ ಇರಬೇಕು ಎಂಬುದನ್ನು. ಎಲ್ಲರೂ ತಿಂಗಳಿಗೆ ಇಷ್ಟು ದಿನ ಗೇಟು ದಾಟಬೇಕು ಎಂಬ ಆದೇಶದಲ್ಲಿ ಆ ಪ್ರಶ್ನೆಯೇ ಇಲ್ಲ. ಬೆಂಗಳೂರಿನ ಕಚೇರಿಗೆ ಬಂದು, ಕಿವಿಗೆ ಹೆಡ್‌ಫೋನ್ ಏರಿಸಿ, ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇರುವ ತಂಡದ ಜತೆ ದಿನವಿಡೀ ವಿಡಿಯೊ ಕಾಲ್‌ನಲ್ಲಿರುವವರೂ ಹಾಜರಿ ಲೆಕ್ಕದಲ್ಲಿ ‘ಸಹಯೋಗ’ಕ್ಕೆ ಬಂದವರೇ. ಒಟ್ಟಿಗೆ ಕೂರಿಸಿದರೆ ತಾನಾಗಿ ಮಾತು ಬೆಳೆಯುತ್ತದೆ ಎಂಬುದೂ ಖಾತ್ರಿಯಿಲ್ಲ. ಅಮೆರಿಕದ ಎರಡು ದೊಡ್ಡ ಕಂಪನಿಗಳು ಗೋಡೆ ಕೆಡವಿ ಆಫೀಸನ್ನು ಬಯಲು ಮಾಡಿದಾಗ ಮುಖಾಮುಖಿ ಮಾತುಕತೆ ಸುಮಾರು ಶೇ 70ರಷ್ಟು ಇಳಿದು ಇಮೇಲ್ ಹೆಚ್ಚಿದ್ದನ್ನು 2018ರ ಹಾರ್ವರ್ಡ್ ಅಧ್ಯಯನ ದಾಖಲಿಸಿದೆ.

ಇನ್ನೊಂದು ನಂಬಿಕೆ, ಮನುಷ್ಯ ಹಾಕುವ ಹಾಜರಿಯಲ್ಲಿ ಮೋಸವಿರುತ್ತದೆ, ಯಂತ್ರ ಹಾಕುವುದರಲ್ಲಿ ಇರುವುದಿಲ್ಲ ಎಂಬುದು. ಇದಕ್ಕೆ ಉತ್ತರ ಐಟಿ ಪಾರ್ಕಿಗಿಂತ ನರೇಗಾ ಕಾಮಗಾರಿಯಲ್ಲಿ ಚೆನ್ನಾಗಿ ಸಿಗುತ್ತದೆ. 2023ರ ಜನವರಿಯಿಂದ ಕೇಂದ್ರ ಸರ್ಕಾರ ಅಲ್ಲಿ ಆ್ಯಪ್ ಹಾಜರಿಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಕಾಯಕ ಬಂಧು ಎಂದು ಕರೆಯುವ ಮೇಲ್ವಿಚಾರಕರು ದಿನಕ್ಕೆ ಎರಡು ಬಾರಿ ಕೂಲಿಕಾರರನ್ನು ನಿಲ್ಲಿಸಿ, ಜಾಗ ಮತ್ತು ಸಮಯದ ಗುರುತಿರುವ ಫೋಟೊ ತೆಗೆದು ಏರಿಸಬೇಕಿತ್ತು. ನೆಟ್‌ವರ್ಕ್ ಸಿಗದ ಕೆರೆಯಂಗಳದಲ್ಲಿ ಫೋಟೊ ಹೋಗದಿದ್ದರೆ ಅಗೆದವರ ಆ ದಿನದ ಕೂಲಿಗೇ ಕುತ್ತು. ಗುಂಡಿ ಮಾತ್ರ ಅಲ್ಲೇ ಇರುತ್ತದೆ. ಟೇಪು ಹಿಡಿದು ಅಳೆಯಬಹುದು, ಅಳತೆ ಪುಸ್ತಕದಲ್ಲಿ ಬರೆಯಲೂಬಹುದು. ಅದು ಪುರಾವೆಯಾಗದೆ ಫೋಟೊ ಪುರಾವೆಯಾಯಿತು. ಇಷ್ಟು ಮಾಡಿ ಮೋಸ ನಿಂತಿತೇ? 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ದುರ್ಬಳಕೆಯ ಪಟ್ಟಿ ಕೊಟ್ಟಿತು: ಸಂಬಂಧವೇ ಇಲ್ಲದ ಚಿತ್ರಗಳು, ಹಳೆಯ ಫೋಟೊದ ಮೇಲೆ ಹಿಡಿದು ತೆಗೆದ ಫೋಟೊ, ಒಂದೇ ಮುಖ ಹಲವು ಹಾಜರಿ ಪಟ್ಟಿಗಳಲ್ಲಿ, ದಾಖಲಾದ ತಲೆಗೂ ನಿಂತ ತಲೆಗೂ ತಾಳೆಯಾಗದ ಲೆಕ್ಕ. ಪರಿಹಾರವಾಗಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಎಲ್ಲ ಫೋಟೊಗಳನ್ನೂ ಸಿಬ್ಬಂದಿ ಕೂತು ಪರಿಶೀಲಿಸಬೇಕೆಂದು ಹೇಳಿತು. ಮನುಷ್ಯರನ್ನು ನಂಬಲಾರದೆ ತಂದ ಯಂತ್ರವನ್ನು ಕಾಯಲು ಮತ್ತೆ ಮನುಷ್ಯರೇ ಬೇಕಾದರು! ಕೋಟು ತೊಟ್ಟವರ ಲೋಕವೇನೂ ಬೇರೆಯಲ್ಲ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಬೋರ್ಡ್ ಒತ್ತುತ್ತಿರುವಂತೆ ನಟಿಸಿದ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಅವರು ಮಾಡಿದ್ದು ತಪ್ಪೇ. ಆದರೆ ಕೀಲಿ ಒತ್ತಿದ್ದನ್ನು ದುಡಿಮೆ ಎಂದು ಎಣಿಸುವ ಕಡೆ ಕೀಲಿ ಒತ್ತುವ ಸಾಧನಕ್ಕೆ ಗಿರಾಕಿ ಹುಟ್ಟದೆ ಇರುತ್ತಾನೆಯೇ?

ಹಾಗಾದರೆ ಹಾಜರಿಯನ್ನೇ ಕೈಬಿಟ್ಟರೆ ಸರ್ಕಾರಿ ಆಸ್ಪತ್ರೆ, ಶಾಲೆಗಳ ಗತಿ ಏನು? ಇದು ನ್ಯಾಯವಾದ ಆಕ್ಷೇಪ, ಉತ್ತರವೂ ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಪ್ರಯೋಗವೊಂದರಲ್ಲಿ 140 ಕೇಂದ್ರಗಳಿಗೆ ಹೆಬ್ಬೆಟ್ಟಿನ ಹಾಜರಿ ಯಂತ್ರ ಕೊಡಲಾಯಿತು. ಇಕ್ಬಾಲ್ ಧಲಿವಾಲ್ ಮತ್ತು ರೆಮಾ ಹನ್ನಾ ಅದನ್ನು ಅಧ್ಯಯನ ಮಾಡಿದರು. ಸಿಬ್ಬಂದಿಯ ಹಾಜರಿ ಸುಮಾರು ಶೇ 15ರಷ್ಟು ಏರಿತು, ಕಡಿಮೆ ತೂಕದ ಶಿಶುಗಳ ಜನನ ಗಣನೀಯವಾಗಿ ಇಳಿಯಿತು. ಗರ್ಭಿಣಿ ಬಂದ ಹೊತ್ತಿಗೆ ನರ್ಸ್ ಅಲ್ಲಿರುವುದೇ ಅರ್ಧ ಚಿಕಿತ್ಸೆ. ಅವರು ಮನೆಯಲ್ಲಿ ಕೂತು ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ. ಇಂಥ ಕಡೆ ಹಾಜರಿ ಬಿಗಿ ಮಾಡುವುದನ್ನು ಯಾರೂ ವಿರೋಧಿಸಬೇಕಿಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ, ಲೆಕ್ಕಪತ್ರ ತಿದ್ದುವವರಿಗೆ ಅದೇ ಯಂತ್ರ ಇಟ್ಟು ಅದೇ ಫಲ ನಿರೀಕ್ಷಿಸುವುದು ಮಾತ್ರ ತರ್ಕಕ್ಕೆ ನಿಲ್ಲದು.

ಗೇಟಿನ ತನಕ ಬರುವ ಖರ್ಚು ಕಂಪನಿಯ ಪುಸ್ತಕದಲ್ಲಿ ಕಾಣುವುದಿಲ್ಲ, ಆದ್ದರಿಂದ ಅದು ಖರ್ಚೇ ಅಲ್ಲ ಎಂಬ ಭಾವನೆಯೂ ಇದೆ. ಟಾಮ್‌ಟಾಮ್ ಲೆಕ್ಕದಂತೆ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಕಾರಿನ ಪ್ರಯಾಣಕ್ಕೆ ಸರಾಸರಿ 34 ನಿಮಿಷ ಹಿಡಿಯಿತು. ಹದಿನೈದು ಕಿ.ಮೀ. ದೂರದಲ್ಲಿರುವವರಿಗೆ ಹೋಗಿಬರುವುದರಲ್ಲೇ ಸುಮಾರು 1 ಗಂಟೆ 40 ನಿಮಿಷ. ರಸ್ತೆ ಸರಿಮಾಡುವುದು ಸರ್ಕಾರದ ಕೆಲಸ ಎನ್ನುವುದು ಸರಿಯೇ. ಆದರೆ ಸರ್ಕಾರ ಎಷ್ಟು ದಿಕ್ಕೆಟ್ಟಿತ್ತೆಂದರೆ, 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಹೊರವರ್ತುಲ ರಸ್ತೆಯ ದಟ್ಟಣೆ ಇಳಿಸಲು ವಿಪ್ರೊ ಆವರಣದೊಳಗಿನಿಂದ ವಾಹನ ಬಿಡಲು ಸಾಧ್ಯವೇ ಎಂದು ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು, ಅವರು ಒಪ್ಪಲಿಲ್ಲ. ಹೊರವರ್ತುಲ ರಸ್ತೆಯ ಕಾರುಗಳನ್ನು ಕಡಿಮೆ ಮಾಡುವ ಅಗ್ಗದ ದಾರಿ, ಬರಬೇಕಿಲ್ಲದವರನ್ನು ಕರೆಯದಿರುವುದು. ಅದಕ್ಕೆ ಮೇಲ್ಸೇತುವೆ ಬೇಡ, ಟೆಂಡರೂ ಬೇಡ.

ಕೊನೆಗೆ ಉಳಿಯುವುದು ಎಲ್ಲರಿಗೂ ಒಂದೇ ನಿಯಮ ಎಂಬ ಸಮರ್ಥನೆ. ಆರೋಗ್ಯ ಕೇಂದ್ರಗಳ ಆ ಪ್ರಯೋಗದಲ್ಲಿ ನರ್ಸ್, ಫಾರ್ಮಾಸಿಸ್ಟ್, ಲ್ಯಾಬ್ ಸಿಬ್ಬಂದಿಯ ಹಾಜರಿ ಏರಿತೇ ಹೊರತು ವೈದ್ಯರದು ಏರಲಿಲ್ಲ; ಯಂತ್ರ ಹಿಡಿದುಕೊಟ್ಟವರ ರಜೆ ಕಡಿತಗೊಳಿಸಲು ಮೇಲಿನವರು ಹಿಂದೆಮುಂದೆ ನೋಡಿದರು. ಕಾರ್ಪೊರೇಟ್ ಲೋಕದ ಮೇಲ್ತುದಿಯಲ್ಲೂ ಕಥೆ ಇದೇ. 2024ರಲ್ಲಿ ಸ್ಟಾರ್‌ಬಕ್ಸ್ ತನ್ನ ಕಚೇರಿ ನೌಕರರಿಗೆ ವಾರಕ್ಕೆ ಮೂರು ದಿನ ಹಾಜರಿ ಕಡ್ಡಾಯ ಮಾಡಿದ್ದ ಹೊತ್ತಿಗೇ, ಹೊಸ ಸಿಇಒ ಬ್ರಯಾನ್ ನಿಕಲ್ ಅವರಿಗೆ ಕ್ಯಾಲಿಫೋರ್ನಿಯಾದ ತಮ್ಮ ಊರಲ್ಲೇ ಒಂದು ಕಚೇರಿ ತೆರೆದುಕೊಟ್ಟು, ಅಲ್ಲಿಂದ ಸುಮಾರು 1,600 ಕಿ.ಮೀ. ದೂರದ ಸಿಯಾಟಲ್‌ನ ಮುಖ್ಯ ಕಚೇರಿಗೆ ಕಂಪನಿಯ ವಿಮಾನದಲ್ಲೇ ಬಂದುಹೋಗಲು ಒಪ್ಪಂದದಲ್ಲಿ ಅವಕಾಶ ಕೊಟ್ಟಿತು.