ಕಡಲಾಚೆಯ ದತ್ತು: ಕಾಗದಪತ್ರ ಮತ್ತು ಕಾಯುವಿಕೆ

ಉಡುಪಿ ಜಿಲ್ಲೆಯಿಂದ ಒಂದು ಮಗು ದತ್ತಾಗಿ ಪರದೇಶಕ್ಕೆ ಹೋಗಲು ಎರಡು ದಾರಿಗಳಿವೆ. ಹೆತ್ತವರಿಲ್ಲದ, ಇಲ್ಲವೇ ಹೆತ್ತವರು ಒಪ್ಪಿಸಿಬಿಟ್ಟ ಮಗುವನ್ನು ದತ್ತು ಕೇಂದ್ರದಿಂದ ಪಡೆಯುವುದು ಒಂದು. ದುಬೈಯಲ್ಲೋ ಲಂಡನ್ನಿನಲ್ಲೋ ನೆಲೆಸಿದವರು ಊರಿನಲ್ಲಿರುವ ತಂಗಿಯ ಅಥವಾ ಅಣ್ಣನ ಮಗುವನ್ನು ಕಾನೂನುಬದ್ಧವಾಗಿ ತಮ್ಮದಾಗಿಸಿಕೊಳ್ಳುವುದು ಇನ್ನೊಂದು. ಎರಡಕ್ಕೂ ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ನಿರಾಕ್ಷೇಪಣಾ ಪತ್ರ ಬೇಕು.

ಇಷ್ಟು ಬಿಗಿ ಏಕೆ ಎಂಬುದಕ್ಕೆ ಹಿನ್ನೆಲೆಯಿದೆ. ಭಾರತದ ಮಕ್ಕಳನ್ನು ದತ್ತಿನ ಹೆಸರಿನಲ್ಲಿ ವಿದೇಶಕ್ಕೆ ಸಾಗಿಸಲಾಗುತ್ತಿದೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಎತ್ತಿಕೊಂಡಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ 1984ರಲ್ಲಿ ಮಾರ್ಗಸೂಚಿ ಕೊಟ್ಟಿತು. 1990ರಲ್ಲಿ ಕಾರಾ ಹುಟ್ಟಿತು. ಅಂತರದೇಶೀಯ ದತ್ತಿನ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ಈಗ ನಡೆಯುವುದೆಲ್ಲ 2015ರ ಬಾಲನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಗಳ ಪ್ರಕಾರ.

ಕಾಯುವಿಕೆ ಮಗುವಿನ ಕಡೆಯಿಂದಲೇ ಶುರುವಾಗುತ್ತದೆ. ಸಂತೆಕಟ್ಟೆಯ ಕೃಷ್ಣಾನುಗ್ರಹದಂಥ ವಿಶೇಷ ದತ್ತು ಕೇಂದ್ರಕ್ಕೆ ಮಗು ಬಂದೊಡನೆ ಅದು ದತ್ತಿಗೆ ಸಿದ್ಧವೆಂದು ಅರ್ಥವಲ್ಲ. ತಾಯಿ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ್ದರೆ, ಮನಸ್ಸು ಬದಲಿಸಿ ವಾಪಸು ಕರೆದೊಯ್ಯಲು ಆಕೆಗೆ 60 ದಿನಗಳ ಅವಕಾಶವಿದೆ. ಎಲ್ಲೋ ಬಿಟ್ಟುಹೋದ ಮಗುವಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಪೊಲೀಸರ ಮೂಲಕ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳ ಒಳಗೆ ಸಮಿತಿ ನಿರ್ಧಾರಕ್ಕೆ ಬರಬೇಕು. ಈ ದಿನಗಳನ್ನು ಯಾರೂ ಅವಸರಪಡಿಸಬಾರದು. ಬಡತನಕ್ಕೋ ಅಪವಾದಕ್ಕೋ ಹೆದರಿ ಮಗುವನ್ನು ಬಿಟ್ಟ ತಾಯಿಗೆ ತಿರುಗಿ ಯೋಚಿಸಲು ಇರುವುದು ಇಷ್ಟೇ ಸಮಯ.

ದತ್ತಿಗೆ ಮುಕ್ತವೆಂದು ಘೋಷಿಸಿದ ಮೇಲೂ ಮೊದಲ ಹಕ್ಕು ಸ್ವದೇಶದವರಿಗೆ. 60 ದಿನಗಳಲ್ಲಿ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ಸಿಗದಿದ್ದರೆ ಮಾತ್ರ ಮಗು ಇತರ ವಿದೇಶಿ ಪೋಷಕರ ಪಾಲಿಗೆ ತೆರೆಯುತ್ತದೆ. ಅಂಗವೈಕಲ್ಯವಿರುವ ಮಕ್ಕಳು, ಐದು ವರ್ಷ ದಾಟಿದವರು, ಒಡಹುಟ್ಟಿದವರ ಜೋಡಿಗಳು ಹೀಗೆ ಹೊರದೇಶಕ್ಕೆ ಹೋಗುವುದು ಹೆಚ್ಚು. 2023-24ರಲ್ಲಿ ದೇಶದಲ್ಲಿ ಆದ 4,009 ದತ್ತುಗಳಲ್ಲಿ 449 ಅಂತರದೇಶೀಯ. ಆರೋಗ್ಯವಂತ ಹಸುಗೂಸೇ ಬೇಕೆನ್ನುವವರ ಸರದಿ ಬರಲು ಮೂರು ವರ್ಷ ದಾಟುವುದು ಸಾಮಾನ್ಯ. ಕೂಸುಗಳಿಗಿಂತ ಅರ್ಜಿದಾರರೇ ಬಹಳ ಹೆಚ್ಚು.

ಪೋಷಕರ ಕಡೆಯ ಕೆಲಸ ಅವರು ವಾಸಿಸುವ ದೇಶದಲ್ಲಿ ನಡೆಯುತ್ತದೆ. ಅಲ್ಲಿನ ಅಧಿಕೃತ ದತ್ತು ಸಂಸ್ಥೆಯೋ ಸರ್ಕಾರಿ ಪ್ರಾಧಿಕಾರವೋ ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆದು, ಕಾರಾದ ಪೋರ್ಟಲ್‌ನಲ್ಲಿ ಹೆಸರು ದಾಖಲಿಸುತ್ತದೆ. ಯುಎಇಯಂಥ ದೇಶಗಳು ಹೇಗ್ ಒಪ್ಪಂದಕ್ಕೆ ಸೇರಿಲ್ಲ. ಅಲ್ಲಿರುವ ಭಾರತೀಯರು ನಮ್ಮ ರಾಯಭಾರ ಕಚೇರಿಯ ಮೂಲಕ ಹೋಗಬೇಕು. ಗಲ್ಫ್‌ನಲ್ಲಿ ದುಡಿಯುವ ಕಾಪು, ಕಾರ್ಕಳದವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗೃಹ ಅಧ್ಯಯನ ವರದಿಗೆ ಮೂರು ವರ್ಷಗಳ ಆಯಸ್ಸು. ಮದುವೆ ಪತ್ರ, ಆದಾಯದ ದಾಖಲೆ, ವೈದ್ಯಕೀಯ ವರದಿ, ಪೊಲೀಸ್ ಪರಿಶೀಲನೆ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಪಾಸ್‌ಪೋರ್ಟಿನಲ್ಲಿ ‘ಶೆಟ್ಟಿ’ ಎಂದು ಪೂರ್ತಿ ಇದ್ದು ಮದುವೆ ಪತ್ರದಲ್ಲಿ ಬರೇ ಇನಿಷಿಯಲ್ ಇದ್ದರೆ, ಅಥವಾ ಮನೆಯ ಹೆಸರು ಒಂದೆಡೆ ಸೇರಿ ಇನ್ನೊಂದೆಡೆ ಬಿಟ್ಟುಹೋಗಿದ್ದರೆ ಕಡತ ಅಲ್ಲೇ ನಿಲ್ಲಬಹುದು. ಕುಟುಂಬದ ಕೈಯಲ್ಲಿ ಕಡಿಮೆ ಮಾಡಲಾಗುವ ಕಾಯುವಿಕೆ ಇದೊಂದೇ. ಅರ್ಜಿ ಹಾಕುವ ಮೊದಲೇ ಹೆಸರುಗಳನ್ನು ಸರಿಪಡಿಸಿಕೊಳ್ಳಬೇಕು.

ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿಗಳನ್ನು ನೋಡಿ ಪೋಷಕರು ಒಪ್ಪಿದ ಮೇಲೆ, ಹೇಗ್ ದೇಶವಾದರೆ ಮಗುವಿಗೆ ಅಲ್ಲಿ ಪ್ರವೇಶವಿದೆ ಎಂಬ ಪತ್ರ ಬರಬೇಕು. ನಂತರ ಕಾರಾದ ನಿರಾಕ್ಷೇಪಣಾ ಪತ್ರ. ಅಲ್ಲಿಂದ ಕಡತ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ ಬರುತ್ತದೆ. ಮೊದಲು ನ್ಯಾಯಾಲಯ ಕೊಡುತ್ತಿದ್ದ ದತ್ತು ಆದೇಶವನ್ನು 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಾಗಿ ಅವರೇ ಕೊಡುತ್ತಾರೆ. ವಿಚಾರಣೆ ಬಹಿರಂಗವಲ್ಲ, ಎರಡು ತಿಂಗಳಲ್ಲಿ ಮುಗಿಯಬೇಕು. ಹಣದ ವ್ಯವಹಾರ ನಡೆದಿಲ್ಲ, ಮಗುವಿನ ಹಿತವಿದೆ ಎಂಬುದು ಅವರಿಗೆ ಮನದಟ್ಟಾಗಬೇಕು. ಆದೇಶದ ಬಳಿಕ ಹೊಸ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ.

ಸಂಬಂಧಿಕರ ಮಗುವಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅಳಿಯಸಂತಾನದ ತುಳುನಾಡಿನಲ್ಲಿ ತಂಗಿಯ ಮಕ್ಕಳನ್ನು ಮಾವ ಸಾಕುವುದು ಹೊಸತೇನಲ್ಲ. ಕಾಗದವೇ ಇಲ್ಲದೆ ಎಷ್ಟೋ ಮಕ್ಕಳು ಹಾಗೆ ಬೆಳೆದಿದ್ದಾರೆ. ಆದರೆ ಕಡಲು ದಾಟುವಾಗ ಕಾನೂನು ನೋಡುವುದೇ ಬೇರೆ. ಬಾಲನ್ಯಾಯ ಕಾಯ್ದೆಯಲ್ಲಿ ‘ಸಂಬಂಧಿ’ ಎಂದರೆ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಎರಡೂ ಕಡೆಯ ಅಜ್ಜ ಅಜ್ಜಿಯರು ಮಾತ್ರ. ಮಗುವಿನ ಸೋದರಮಾವ ಇದರಲ್ಲಿ ಸೇರುತ್ತಾನೆ. ಚಿಕ್ಕಪ್ಪನ ಮಗನನ್ನು ಎಷ್ಟೇ ಪ್ರೀತಿಯಿಂದ ಅಣ್ಣ ಎಂದು ಕರೆದರೂ ಅವನ ಮಗುವನ್ನು ಈ ದಾರಿಯಲ್ಲಿ ಪಡೆಯಲಾಗದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಮಗುವಿನ ಕುಟುಂಬದ ಹಿನ್ನೆಲೆ ವರದಿ ತಯಾರಿಸುತ್ತದೆ. ಹೆತ್ತವರ ಒಪ್ಪಿಗೆಯ ಜೊತೆಗೆ ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯೂ ಬೇಕು.

ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ ದಾರಿಯೂ ಇದೆ. ಕಾರ್ಕಳದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸಿದರೆ ಊರಿನ ಮಟ್ಟಿಗೆ ದತ್ತು ಊರ್ಜಿತವೇ. ಮಗುವನ್ನು ವಿದೇಶಕ್ಕೆ ಕರೆದೊಯ್ಯಲು ಅದು ಸಾಲದು. ಜಿಲ್ಲಾಧಿಕಾರಿಗಳ ಪರಿಶೀಲನಾ ವರದಿ, ಕಾರಾದ ಪತ್ರ ಬೇಕೆಂದು 2021ರಲ್ಲಿ ನಿಯಮವಾಗಿದೆ. ಪತ್ರ ನೋಂದಣಿಯಾದ ಮರುದಿನವೇ ವಿಮಾನದ ಟಿಕೆಟ್ ತೆಗೆದರೆ ಮಗು ಊರಿನಲ್ಲೇ ಉಳಿಯುವ ಸಂಭವ ಹೆಚ್ಚು. ಕ್ರೈಸ್ತರಿಗೆ, ಮುಸ್ಲಿಮರಿಗೆ ಬಾಲನ್ಯಾಯ ಕಾಯ್ದೆಯ ದಾರಿಯೇ ಗತಿ. ಆಸ್ಪತ್ರೆಯಿಂದ ನೇರವಾಗಿ ಕೂಸು ಕೊಡಿಸುತ್ತೇವೆ ಎನ್ನುವವರನ್ನು ನಂಬಿದರೆ ಮೂರು ವರ್ಷ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು. ಹಣ ಕೊಟ್ಟು ಕೊಂಡದ್ದಾದರೆ ಶಿಕ್ಷೆ ಇನ್ನೂ ಹೆಚ್ಚು.

ಮಗು ಹೊಸ ಮನೆ ಸೇರಿದ ಮೇಲೂ ಎರಡು ವರ್ಷ ವರದಿ ಹೋಗುತ್ತಿರಬೇಕು: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ. ಉಡುಪಿಯಲ್ಲೇ ಇದ್ದು ದತ್ತು ಪಡೆದ ಕುಟುಂಬ ಈ ಅವಧಿಯಲ್ಲಿ ಮಗುವಿನೊಂದಿಗೆ ಹೊರದೇಶಕ್ಕೆ ವಾಸ ಬದಲಿಸುವುದಾದರೆ, ಹೊರಡುವ ಎರಡು ವಾರ ಮೊದಲೇ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ಉಳಿದ ವರದಿಗಳು ಅಲ್ಲಿಂದ ಬರುತ್ತವೆ.