ಹೂಮಳೆಗೆ ಮುನ್ನ ಪೈಪಿನ ಬೆಸುಗೆ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಲೈನಿಗೆ ಬಳಸುವ ಅಲ್ಯೂಮಿನಿಯಂ ಪೈಪು ಸೋರತೊಡಗಿದರೆ ಅದನ್ನು ಬೆಸೆದು ಮುಚ್ಚುವುದು ಒಂದು ನಾಜೂಕಿನ ಕಸುಬು. ಗೇಟು, ಗ್ರಿಲ್ ಬೆಸೆದು ಪಳಗಿದ ಕೈಗೂ ಇದು ತಟ್ಟನೆ ಒಗ್ಗುವುದಿಲ್ಲ.

ರೊಬಸ್ಟಾ ಗಿಡಕ್ಕೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು. ಮಳೆ ಕೈಕೊಟ್ಟರೆ ಕೆರೆಯ ನೀರನ್ನು ಪಂಪ್ ಮಾಡಿ ಜೆಟ್ ಹೊಡೆಸಬೇಕು. ಹದಿನೈದಿಪ್ಪತ್ತು ದಿನ ಬಿಟ್ಟು, ಅರಳಿದ ಹೂ ಕಾಯಿ ಕಟ್ಟಲೆಂದು ಮತ್ತೊಮ್ಮೆ ನೀರು, ಅಂದರೆ ಬ್ಯಾಕಿಂಗ್, ಕೊಡಬೇಕು. ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರ್. ಇಳಿಜಾರಿನಲ್ಲಿ ಲೈನನ್ನು ಕಳಚಿ, ಹೊತ್ತು, ಮತ್ತೆ ಜೋಡಿಸುತ್ತಲೇ ಇರಬೇಕಾದ್ದರಿಂದ ಪೈಪು ಹಗುರವಾಗಿರಬೇಕು. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ಮಾತ್ರ ತೂಗುತ್ತದೆ. 3 ಕೆ.ಜಿ. ಒತ್ತಡದ ಲೈನಿನಲ್ಲಿ 5 ಮಿ.ಮೀ. ತೂತೊಂದಿದ್ದರೆ ಗಂಟೆಗೆ ಸುಮಾರು 1,000 ಲೀಟರ್ ನೀರು ಪೋಲು. ತೂತುಗಳು ಹೆಚ್ಚಾದಂತೆ ಒತ್ತಡ ಕುಸಿಯುತ್ತದೆ, ತುದಿಯ ಜೆಟ್ಟಿನ ನೀರು ದೂರಕ್ಕೆ ಬೀಳುವುದಿಲ್ಲ. ನೀರು ಸಾಲದ ಗಿಡದಲ್ಲಿ ಹೂ ಅರೆಬರೆ ಅರಳುತ್ತದೆ, ಕಾಯಿ ಕಟ್ಟುವುದಿಲ್ಲ. ನೀರಿನ ನಷ್ಟಕ್ಕಿಂತ ದೊಡ್ಡ ನಷ್ಟ ಇದು.

ಸೋರಿಕೆ ಕಂಡಾಗ ಮೊದಲು ನೋಡಬೇಕಾದದ್ದು ಪೈಪಿಗೆ ಪೈಪು ಜೋಡಿಸುವ ಕಪ್ಲರ್ ಒಳಗಿನ ರಬ್ಬರ್ ವಾಷರನ್ನು. ಎಷ್ಟೋ ಸಲ ತಪ್ಪಿರುವುದು ಅಲ್ಲೇ. ಪೈಪಿನದೇ ದೋಷವಾದರೆ ಕಪ್ಲರ್ ಕೂಡುವ ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ಇಲ್ಲವೇ ಟ್ರ್ಯಾಕ್ಟರಿಗೆ ಏರಿಸುವಾಗ ನೆಗ್ಗಿದ, ಕಾಡಾನೆ ತುಳಿದ ಜಾಗ ಸೀಳಿರುತ್ತದೆ. ಸೂಜಿಮೊನೆಯಂಥ ತೂತುಗಳ ಕಾರಣವೇ ಬೇರೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವುದು ತಾಮ್ರ. ಅದು ತಗುಲಿದ ಕಡೆ ಅಲ್ಯೂಮಿನಿಯಂ ಚುಕ್ಕೆಚುಕ್ಕೆಯಾಗಿ ಕೊರೆದುಹೋಗುತ್ತದೆ. ಆ ದ್ರಾವಣದ ಸುಣ್ಣವೂ ಈ ಲೋಹಕ್ಕೆ ಆಗದು. ಆದ್ದರಿಂದ ಪೈಪುಗಳನ್ನು ಸ್ಪ್ರೇ ಡ್ರಮ್ಮಿನ ಪಕ್ಕದಲ್ಲಿ ಪೇರಿಸಲೇಬಾರದು. ಒಳಗೆ ಕೆಸರುನೀರು ನಿಲ್ಲದಂತೆ ಓರೆಯಾಗಿ ಇಡಬೇಕು.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೈಮೇಲೆ ಗಾಳಿಯಿಂದ ತಾನಾಗಿ ಕಟ್ಟುವ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಪೊರೆ ಹಾಗೇ ಉಳಿದರೆ ಒಳಗಿನ ಲೋಹ ಕೆನೆಯಡಿಯ ಹಾಲಿನಂತೆ ಕರಗಿದರೂ ಒಂದಕ್ಕೊಂದು ಬೆರೆಯುವುದಿಲ್ಲ. ಕಬ್ಬಿಣದಂತೆ ಇದು ಕೆಂಪಾಗಿ ಮುನ್ಸೂಚನೆಯನ್ನೂ ಕೊಡದು. ಹೊಳೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಕುಸಿದು ದೊಡ್ಡ ತೂತಾಗುತ್ತದೆ.

ಹೀಗಾಗಿ ಬೆಸುಗೆಯ ಅರ್ಧ ಗೆಲುವು ತೊಳೆಯುವುದರಲ್ಲಿದೆ. ಮೊದಲು ಎಣ್ಣೆ, ಜಿಡ್ಡು ತೆಗೆಯಬೇಕು. ಪೈಪನ್ನು ಚೆನ್ನಾಗಿ ಒಣಗಿಸಿ, ಕಬ್ಬಿಣಕ್ಕೆ ಮುಟ್ಟಿಸದ ಸ್ಟೇನ್‌ಲೆಸ್ ತಂತಿ ಬ್ರಷ್ಷಿನಿಂದ ಲೋಹ ಮಿನುಗುವವರೆಗೆ ಉಜ್ಜಬೇಕು. ತೇವ ಉಳಿದರೆ ಅದರ ಹೈಡ್ರೋಜನ್ ಕರಗಿದ ಲೋಹಕ್ಕೆ ಸೇರಿ, ಆರುವಾಗ ಗುಳ್ಳೆಗಳಾಗಿ ಸಿಕ್ಕಿಕೊಳ್ಳುತ್ತದೆ. ಬೆಸೆದ ಜಾಗವೇ ಜಿನುಗುತ್ತದೆ. ಹಿಂದೆ ತುರ್ತಿಗೆಂದು ಮೆತ್ತಿದ ಅಂಟನ್ನು ಪೂರ್ತಿ ಕೆರೆದು ತೆಗೆಯದಿದ್ದರೂ ಇದೇ ಪಾಡು. ಆ ಮಟ್ಟಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟುವ ತಾತ್ಕಾಲಿಕ ಉಪಾಯವೇ ಮೇಲು.

ಗ್ಯಾಸ್ ಬೆಸುಗೆಯಲ್ಲಿ ಪೊರೆಯನ್ನು ಕರಗಿಸಲು ಫ್ಲಕ್ಸ್ ಬೇಕು. ಕೆಲಸ ಮುಗಿದ ಮೇಲೆ ಅದನ್ನು ಬಿಸಿನೀರಿನಲ್ಲಿ ತೊಳೆಯದಿದ್ದರೆ ಉಳಿದ ಫ್ಲಕ್ಸ್ ಪೈಪನ್ನೇ ತಿನ್ನುತ್ತದೆ. ತೆಳುವಾದ ಪೈಪಿಗೆ ಎಸಿ ಕರೆಂಟಿನ ಆರ್ಗಾನ್ ವೆಲ್ಡಿಂಗೇ ಸೂಕ್ತ. ಕರೆಂಟು ದಿಕ್ಕು ಬದಲಿಸುವಾಗ ಒಂದು ಸರದಿ ಪೊರೆಯನ್ನು ಒಡೆಯುತ್ತದೆ, ಇನ್ನೊಂದು ಲೋಹವನ್ನು ಕರಗಿಸುತ್ತದೆ; ಆರ್ಗಾನ್ ಅನಿಲ ಗಾಳಿಯನ್ನು ದೂರವಿಡುತ್ತದೆ. ಸುಮಾರು ಶೇ 5 ಸಿಲಿಕಾನ್ ಇರುವ 4043 ಕಡ್ಡಿ ಸರಾಗವಾಗಿ ಹರಿದು ಬಿರುಕನ್ನು ತುಂಬುತ್ತದೆ. ಬಿರುಕು ಮುಂದುವರಿಯದಂತೆ ಅದರ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದು, ಬಳಿಕ ಅದನ್ನೂ ಸೇರಿಸಿ ಬೆಸೆಯುವುದು ವಾಡಿಕೆ.

  

ಬೆಸೆದ ಪೈಪು ತಣಿದ ಮೇಲೆ ಒಂದು ತುದಿಗೆ ಬಿರಡೆ ಹಾಕಿ, ನೀರು ತುಂಬಿ, ಲೈನಿನಷ್ಟೇ ಒತ್ತಡ ಕೊಟ್ಟು ನೋಡಬೇಕು. ಶಾಖ ತಗುಲಿದ ಸುತ್ತಲಿನ ಲೋಹ ಮೊದಲಿಗಿಂತ ಮೆತ್ತಗಾಗಿರುತ್ತದೆ, ಆದ್ದರಿಂದ ಒಂದೇ ಜಾಗವನ್ನು ಮತ್ತೆ ಮತ್ತೆ ಬೆಸೆಯುವುದು ತರವಲ್ಲ. ಮೈತುಂಬ ಸೂಜಿತೂತು ಬಿದ್ದ ಪೈಪಿನ ಗಟ್ಟಿ ಭಾಗವನ್ನು ಕತ್ತರಿಸಿ ಗಿಡ್ಡ ಪೈಪಾಗಿ ಉಳಿಸಿಕೊಂಡು, ಮಿಕ್ಕದ್ದನ್ನು ಗುಜರಿಗೆ ಹಾಕುವುದೇ ಲಾಭ.