ಪೆಟ್ಟಿಗೆಯ ಮೇಲಿನ 50 ವಾಟ್, ಕಾರಿನೊಳಗೆ ಒಡೆಯುವ ದನಿ

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ಟೀರಿಯೊ, ಸ್ಪೀಕರ್ ತಂದು ಮನೆಯಂಗಳದಲ್ಲೇ ಕಾರಿಗೆ ಜೋಡಿಸಿಕೊಳ್ಳುವ ಉತ್ಸಾಹಿಗಳಿದ್ದಾರೆ. ಮೆಲ್ಲಗೆ ಹಾಕಿದಾಗ ಹಾಡು ಚೆನ್ನಾಗಿಯೇ ಕೇಳುತ್ತದೆ. ವಾಲ್ಯೂಮ್ ಏರಿಸಿದೊಡನೆ ತಬಲಾ ಪೆಟ್ಟು ಒಡೆಯುತ್ತದೆ, ಹಾಡುವವರ ಕಂಠ ಗೊಗ್ಗರಾಗುತ್ತದೆ. ಬೈಗುಳವೆಲ್ಲ ಸ್ಪೀಕರಿಗೆ. ಆದರೆ ಬಹಳ ಸಲ ಕೊರತೆ ಇರುವುದು ವೋಲ್ಟೇಜಿನಲ್ಲಿ.

ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಸ್ಟೀರಿಯೊದೊಳಗಿನ ಪುಟ್ಟ ಆಂಪ್ಲಿಫೈಯರ್ ಅದಕ್ಕಿಂತ ಎತ್ತರದ ಅಲೆಯನ್ನು ಹೊರಡಿಸಲಾರದು. ಹೆಚ್ಚು ಕೇಳಿದರೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪಿಂಗ್. ಹೀಗೆ ಚಪ್ಪಟೆಯಾದ 100 ಹರ್ಟ್ಸ್ ಅಲೆಯಲ್ಲಿ 300, 500, 700 ಹರ್ಟ್ಸ್‌ನ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಹಾಡಿನಲ್ಲೇ ಇಲ್ಲದ ಈ ಸ್ವರಗಳು ಕಿವಿಗೆ ಕರ್ಕಶವಾಗುತ್ತವೆ.

ಲೆಕ್ಕ ಹಾಕಿ ನೋಡಿ. 14.4 ವೋಲ್ಟ್ ಎತ್ತರದ ಶುದ್ಧ ಅಲೆಯಿಂದ 4 ಓಮ್ ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 26 ವಾಟ್. ಆಂಪ್‌ನ ಒಳನಷ್ಟ ಕಳೆದರೆ 20ರ ಆಸುಪಾಸು. ಹಾಗಾದರೆ ಪೆಟ್ಟಿಗೆಯ ಮೇಲೆ ಅಚ್ಚಾದ ‘50 ವಾಟ್’ ಎಲ್ಲಿಂದ ಬಂತು? 14.4ರ ವರ್ಗವನ್ನು 4ರಿಂದ ಭಾಗಿಸಿದರೆ 51.8. ಅಲೆ ಪೂರ್ತಿ ಚಪ್ಪಟೆಯಾಗಿ ಚೌಕವಾದಾಗ ಮಾತ್ರ ಬರುವ ಅಂಕಿ ಅದು. ಒಡೆದ ದನಿಯದೇ ಅಳತೆ. ಕೊಳ್ಳುವವರಿಗೆ ದನಿ ಒಡೆಯದೆ ಸತತ ಸಿಗುವ ಆರ್‌ಎಂಎಸ್ ವಾಟನ್ನೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು ಎಂಬುದು ನನ್ನ ಆಗ್ರಹ.

ಡಿಕ್ಕಿಯಲ್ಲಿ ಪ್ರತ್ಯೇಕ ಆಂಪ್ ಇಟ್ಟವರಿಗೆ ಈ ಮಿತಿ ಅಷ್ಟು ಕಾಡದು, ಅದು ಒಳಗೇ ವೋಲ್ಟೇಜ್ ಏರಿಸಿಕೊಳ್ಳುತ್ತದೆ. ಅಲ್ಲಿ ಕೆಲಸ ಕೆಡಿಸುವುದು ‘ಗೇನ್’ ತಿರುಪು. ಅದನ್ನು ಇನ್ನೊಂದು ವಾಲ್ಯೂಮ್ ಎಂದುಕೊಂಡು ಕೊನೆಯವರೆಗೂ ತಿರುಗಿಸಿಬಿಡುತ್ತಾರೆ. ಸ್ಟೀರಿಯೊ ಕಳಿಸುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದಷ್ಟೇ ಅದರ ಕೆಲಸ. ಹೊಂದಿಸುವ ಬಗೆ ಹೀಗೆ: ಆಂಪಿಗೆ ಜೋಡಿಸಿದ ಸಬ್‌ವೂಫರಿನ (ಬಾಸ್ ಸ್ಪೀಕರಿನ) ತಂತಿ ಬಿಚ್ಚಿ, ಬಾಸ್ ಬೂಸ್ಟ್ ಮತ್ತು ಲೌಡ್‌ನೆಸ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗಿಟ್ಟು 50 ಹರ್ಟ್ಸ್‌ನ ಪರೀಕ್ಷಾ ಸ್ವರ ಹಾಕಿ. ಆಂಪ್‌ನ ಆರ್‌ಎಂಎಸ್ ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಮುಟ್ಟಬೇಕಾದ ವೋಲ್ಟೇಜ್ ಸಿಗುತ್ತದೆ: 75 ವಾಟ್, 4 ಓಮ್ ಆದರೆ 17.3. ಗೇನನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ, ಮಲ್ಟಿಮೀಟರಿನ ಎಸಿ ಅಳತೆ ಅಲ್ಲಿಗೆ ಬಂದೊಡನೆ ನಿಲ್ಲಿಸಿ.

ಬಾಸಿನ ಪ್ರತಿ ಪೆಟ್ಟಿಗೂ ಹೆಡ್‌ಲೈಟ್ ಮಂಕಾಗುತ್ತಿದ್ದರೆ ಬ್ಯಾಟರಿಯಿಂದ ಬರುವ ತಂತಿ ನೋಡಿ. 4 ಚದರ ಮಿ.ಮೀ.ಯ 5 ಮೀಟರ್ ತಾಮ್ರದ ತಂತಿಯಲ್ಲಿ 40 ಆಂಪಿಯರ್ ಹರಿದರೆ 0.8 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. 16 ಚದರ ಮಿ.ಮೀ.ಯದಾದರೆ ಅದರ ಕಾಲು ಭಾಗ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗವೇನೋ ಹೌದು, ಆದರೆ ನಷ್ಟ ಇನ್ನೂ ಹೆಚ್ಚು. ಅರ್ತ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರೆ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ.

ಎಡ ಬಲದ ಸ್ಪೀಕರುಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಬಾಸ್ ಸೊರಗುತ್ತದೆ. ಆಗ ಬಾಸ್ ಏರಿಸುತ್ತೇವೆ, ಮತ್ತೆ ಕ್ಲಿಪಿಂಗ್. 1.5 ವೋಲ್ಟ್ ಸೆಲ್ಲನ್ನು ತಂತಿಗೆ ಕ್ಷಣಮಾತ್ರ ತಾಗಿಸಿ: ಎರಡೂ ಕೋನ್ ಒಂದೇ ದಿಕ್ಕಿಗೆ ಸರಿಯಬೇಕು.

ಮೆಲ್ಲನೆಯ ದನಿಯಲ್ಲೂ ಗೊರಗೊರ ಎಂದರೆ ಎಡ ಬಲದ ಸ್ಪೀಕರುಗಳನ್ನೇ ಅದಲುಬದಲು ಮಾಡಿ ಕೇಳಿ. ಸದ್ದು ಸ್ಪೀಕರಿನ ಜೊತೆಗೇ ಹೋದರೆ ಕೋನನ್ನು ಎರಡೂ ಹೆಬ್ಬೆರಳಿಂದ ಸಮನಾಗಿ ಒತ್ತಿ ನೋಡಿ. ಕರಕರ ಉಜ್ಜಿದರೆ ಒಳಗಿನ ವಾಯ್ಸ್ ಕಾಯಿಲ್ ಅಯಸ್ಕಾಂತಕ್ಕೆ ತಾಗುತ್ತಿದೆ. ಚೌಕವಾದ ಅಲೆ ಅದೇ ಎತ್ತರದ ಶುದ್ಧ ಅಲೆಗಿಂತ ಇಮ್ಮಡಿ ವಿದ್ಯುತ್ತನ್ನು ಸುರಿಯುವುದರಿಂದ, ಬಹುಕಾಲ ಒಡೆದ ದನಿಯಲ್ಲೇ ಹಾಡಿಸಿದ ಸ್ಪೀಕರಿನ ಕಾಯಿಲ್ ಕಾದು ಸೊಟ್ಟಗಾಗಿರಬಹುದು. ಹೊಸ ಸ್ಪೀಕರ್ ಕೂರಿಸುವ ಮುಂಚೆ ಗೇನ್ ಸರಿಪಡಿಸಿಕೊಳ್ಳಿ.